ಮುರಿದ ಶಾಫ್ಟಿನಲ್ಲಿ ಅಲೆಯ ಗೆರೆ

ಕಾರವಾರದ ಬೈತಖೋಲ ಬಂದರಿನಲ್ಲಿ ಹೋದ ತಿಂಗಳು ಒಂದು ಟ್ರಾಲರ್ ಬೋಟಿನ ಶಾಫ್ಟ್, ಅಂದರೆ ಎಂಜಿನ್ನಿನಿಂದ ಪ್ರೊಪೆಲ್ಲರನ್ನು ತಿರುಗಿಸುವ ಲೋಹದ ದಂಡ, ತುಂಡಾಯಿತು. "ಯಾರದೋ ಕಣ್ಣು ಬಿತ್ತು ಮಾಸ್ತರೇ, ನಿನ್ನೆವರೆಗೂ ಗಟ್ಟಿಮುಟ್ಟಾಗಿತ್ತು" ಎಂದರು ಬೋಟು ನಡೆಸುವ ತಾಂಡೇಲರು.

ತುಂಡನ್ನು ಬಿಸಿಲಿಗೆ ಹಿಡಿದು ನೋಡಿದೆ. ಅಂಚಿನ ಒಂದು ಚುಕ್ಕೆಯಿಂದ ಶುರುವಾಗಿ ಒಂದರ ಹಿಂದೊಂದು ಬಾಗಿದ ಗೆರೆಗಳು. ಇಳಿತದ ನೀರು ನಮ್ಮ ಮರಳಿನ ಮೇಲೆ ಬಿಟ್ಟು ಹೋಗುತ್ತದಲ್ವಾ, ಥೇಟ್ ಹಾಗೆ. ಎಂಜಿನಿಯರುಗಳೂ ಇದನ್ನು ‘ಬೀಚ್ ಮಾರ್ಕ್’ ಅಂತಲೇ ಕರೆಯುತ್ತಾರೆ! ಬೋಟು ಓಡಿದಾಗ ಬಿರುಕು ಒಂದಿಷ್ಟು ಮುಂದೆ, ನಿಂತಾಗ ಅಲ್ಲೊಂದು ಗೆರೆ. ನಿನ್ನೆ ಗಟ್ಟಿಯಾಗಿದ್ದ ಶಾಫ್ಟ್ ಅಲ್ಲ ಅದು. ಎಷ್ಟೋ ದಿನದಿಂದ ಮುರಿಯುತ್ತಲೇ ಇತ್ತು.

ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಕಟ್ಟುವ ತಂತಿಯನ್ನು ಎಳೆದರೆ ಜಗ್ಗುವುದಿಲ್ಲ, ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಬಗ್ಗಿಸಿದರೆ ಪಟ್ಟನೆ ತುಂಡು. ಭಾರ ಜಾಸ್ತಿ ಇರಬೇಕಂತಿಲ್ಲ, ಮತ್ತೆ ಮತ್ತೆ ಬಿದ್ದರೆ ಸಾಕು. ಬಿರುಕಿನ ತುದಿ ಚೂಪು, ಬಲವೆಲ್ಲ ಅಲ್ಲೇ ಬಂದು ಕೂರುತ್ತದೆ. ಅಂಗಡಿಯವರು ಬಟ್ಟೆಯ ಅಂಚಿಗೆ ಕತ್ತರಿಯಿಂದ ಚಿಕ್ಕ ಕಚ್ಚು ಹಾಕಿ ಪರ್ರನೆ ಹರಿಯುವುದಿಲ್ವಾ? ಕಚ್ಚಿಲ್ಲದೆ ಎಳೆದು ನೋಡಿ, ಕೈ ಸೋಲುತ್ತದೆ. ಜರ್ಮನಿಯ ಎಂಜಿನಿಯರ್ ವೋಲರ್ 19ನೇ ಶತಮಾನದಲ್ಲೇ ರೈಲಿನ ಗಾಲಿಯ ಅಚ್ಚುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಇದನ್ನು ತೋರಿಸಿದ್ದರು.

ಇದೇ ದಣಿವು ವಿಮಾನವನ್ನೂ ಬೀಳಿಸಿದ್ದುಂಟು. 1992ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮಿನಿಂದ ಹೊರಟ ಎಲ್ ಆಲ್ ಕಂಪನಿಯ ಸರಕು ವಿಮಾನ, ಬೋಯಿಂಗ್ 747, ಕೆಲವೇ ನಿಮಿಷಗಳಲ್ಲಿ ಬಲಗಡೆಯ ಎರಡೂ ಎಂಜಿನ್ ಕಳೆದುಕೊಂಡಿತು. ಎಂಜಿನ್ನನ್ನು ರೆಕ್ಕೆಗೆ ಹಿಡಿದಿಡುವ ಟೊಳ್ಳು ಪಿನ್ನುಗಳನ್ನು ಬೇಕೆಂದೇ ಸ್ವಲ್ಪ ದುರ್ಬಲ ಮಾಡಿದ್ದರು. ಮನೆಯ ಫ್ಯೂಸಿನ ಹಾಗೆ: ವಿಪರೀತ ಬಲ ಬಿದ್ದರೆ ಪಿನ್ನು ಹೋಗಲಿ, ರೆಕ್ಕೆ ಉಳಿಯಲಿ ಎಂದು. ಆದರೆ ತನಿಖೆಯ ಪ್ರಕಾರ ದಣಿವಿನ ಬಿರುಕು ಬಿಟ್ಟದ್ದು ಅಂಥದೇ ಒಂದು ಪಿನ್ನಿನಲ್ಲಿ. ಕಳಚಿದ ಎಂಜಿನ್ ಸುಮ್ನೆ ಕೆಳಗೆ ಬೀಳಲಿಲ್ಲ, ಪಕ್ಕದ ಎಂಜಿನ್ನಿಗೆ ಬಡಿದು ಅದನ್ನೂ ಕಿತ್ತುಕೊಂಡು ಹೋಯಿತು. ರೆಕ್ಕೆಯ ಮುಂಭಾಗವೂ ಹರಿಯಿತು. ವೇಗ ಇದ್ದಷ್ಟು ಹೊತ್ತು ವಿಮಾನ ಹಾರಿತು. ಇಳಿಯಲು ವೇಗ ತಗ್ಗಿಸಿದಾಗ ಬಲ ರೆಕ್ಕೆ ಕೈಕೊಟ್ಟಿತು. ಜನ ತುಂಬಿದ ವಸತಿ ಕಟ್ಟಡಗಳ ಮೇಲೆ ಬಿದ್ದು 43 ಜನ ಸತ್ತರು. ನನಗೆ ಸಂಕಟವಾಗುವುದು ಇದಕ್ಕೆ: ಹಿಂದಿನ ಡಿಸೆಂಬರಿನಲ್ಲೇ ತೈವಾನಿನಲ್ಲಿ ಇನ್ನೊಂದು 747 ಸರಕು ವಿಮಾನ ಇದೇ ರೀತಿ ಎರಡು ಎಂಜಿನ್ ಕಳೆದುಕೊಂಡು ಬಿದ್ದಿತ್ತು. ಆಮೇಲೆ ಜೋಡಣೆಯನ್ನೇ ಬದಲಿಸಿ ಗಟ್ಟಿ ಪಿನ್ನು ಹಾಕಿದರು.

ತಾಂಡೇಲರು ಹೊಸ ಶಾಫ್ಟಿಗೆ ಲಿಂಬೆ, ಮೆಣಸಿನಕಾಯಿ ಕಟ್ಟುವವರಿದ್ದರು. ಅದರ ಜೊತೆ ಬಿರುಕು ಹುಡುಕುವ ಪರೀಕ್ಷೆಯನ್ನೂ ಮಾಡಿಸಿ ಎಂದೆ. ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಕೂದಲೆಳೆಯ ಬಿರುಕಿದ್ದರೂ ಒಳಗೆ ಇಳಿದ ಬಣ್ಣ ಕೆಂಪು ಗೆರೆಯಾಗಿ ಎದ್ದು ಬರುತ್ತದೆ. "ಬೋಟು ಮೇಲೆಳೆದಾಗಲೆಲ್ಲ ಮಾಡಿಸಬಹುದಾ?" ಎಂದು ಕೇಳಿದರು.