ಅರ್ಧ ಮಾತ್ರ ಪಾಲಿಸಿದ ನಿಯಮ

"ಕೋಡ್ ಓಡ್ತಿಲ್ಲ, ಅರ್ಜೆಂಟ್, ಯಾರಾದ್ರೂ ಹೇಳಿ." ಪ್ರೋಗ್ರಾಮರ್‌ಗಳು ಸೇರುವ ಯಾವ ಆನ್‌ಲೈನ್ ಗುಂಪಿಗೆ ಹೋದರೂ ಇಂಥ ಪ್ರಶ್ನೆ ಸಿಗುತ್ತದೆ. ಎರರ್ ಮೆಸೇಜ್ ಇರುವುದಿಲ್ಲ. ಕೋಡ್ ಬದಲು ಅದರ ಫೋಟೋ ಇರುತ್ತದೆ. ಉತ್ತರ ಕೊಟ್ಟ ಮೇಲೆ "ಸರಿಹೋಯ್ತು" ಅಂತ ಹೇಳುವವರೂ ಕಡಿಮೆ. ಕಿರಿಕಿರಿ ಆಗುವುದು ಸಹಜ. ಆದರೆ ಹೊಸಬರ ಮೇಲೆ ರೇಗುವುದು ಇಷ್ಟು ಮಾಮೂಲಾಗಿದ್ದು ಹೇಗೆ?

1980ರಲ್ಲಿ ಶುರುವಾದ, ಚರ್ಚಾಗುಂಪುಗಳ ಜಾಲವಾದ ಯೂಸ್‌ನೆಟ್‌ನಲ್ಲಿ ಇದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯದವರು. ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದು, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. ಕೆಲವೇ ವಾರಗಳಲ್ಲಿ ಹಳಬರನ್ನು ನೋಡಿ ಅಲ್ಲಿನ ರೀತಿ ಕಲಿಯುತ್ತಿದ್ದರು. 1993-94ರ ಹೊತ್ತಿಗೆ, ಮನೆಗಳಿಗೆ ಆನ್‌ಲೈನ್ ಸಂಪರ್ಕ ಕೊಡುತ್ತಿದ್ದ ಎಒಎಲ್‌ನಂಥ ಕಂಪನಿಗಳ ಗ್ರಾಹಕರೂ ಒಳಗೆ ಬಂದರು. ಆಮೇಲೆ ಹೊಸಬರ ದಂಡು ನಿಲ್ಲಲೇ ಇಲ್ಲ. ಹಳಬರು ಇದನ್ನು 'ಮುಗಿಯದ ಸೆಪ್ಟೆಂಬರ್' ಎಂದು ಕರೆದರು. ಕೇಳುವವರಿಗೆ ಅದು ಮೊದಲ ಪ್ರಶ್ನೆ, ಉತ್ತರಿಸುವವರಿಗೆ ನೂರನೆಯದು. ಹಿಂದಿನ ತೊಂಬತ್ತೊಂಬತ್ತರ ಬೇಸರವೆಲ್ಲ ಈ ಒಬ್ಬರ ಮೇಲೆ ಬೀಳುತ್ತದೆ. ಇದು ಅನ್ಯಾಯ ಅಲ್ವಾ?

1995ರ ಅಕ್ಟೋಬರ್‌ನಲ್ಲಿ, ಇಂಟರ್‌ನೆಟ್‌ನ ನಿಯಮ-ಸಲಹೆಗಳ ದಾಖಲೆಗಳಲ್ಲಿ ಒಂದಾದ ಆರ್‌ಎಫ್‌ಸಿ 1855 ಬಂತು. ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಡ್ಜ್ ಬರೆದ ನಡವಳಿಕೆಯ ಸೂತ್ರಗಳು ಅವು. ಬರೆಯುವ ಮೊದಲು ಒಂದೆರಡು ತಿಂಗಳು ಸುಮ್ನೆ ಓದಿ ಎಂದಿತು. ಕಳಿಸುವಾಗ ಎಚ್ಚರ ಇರಲಿ, ಬಂದದ್ದನ್ನು ಉದಾರವಾಗಿ ತೆಗೆದುಕೊಳ್ಳಿ ಎಂದೂ ಹೇಳಿತು. ಈ ಎರಡನೆಯ ಮಾತಿನ ಮೂಲ 1980ರಲ್ಲಿದೆ. ಇಂಟರ್‌ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಅದನ್ನು ಬರೆದದ್ದು, ಕಂಪ್ಯೂಟರ್‌ಗಳು ಪರಸ್ಪರ ಮಾಹಿತಿ ಕಳಿಸುವ ನಿಯಮಗಳಾದ ಟಿಸಿಪಿಗಾಗಿ. ಬೇರೆ ಬೇರೆಯವರು ಬರೆದ ಪ್ರೋಗ್ರಾಂಗಳು ಒಂದರ ಸಣ್ಣಪುಟ್ಟ ಲೋಪವನ್ನು ಇನ್ನೊಂದು ಸಹಿಸಿಕೊಂಡರೆ ಸಂಪರ್ಕ ಕಡಿಯುವುದಿಲ್ಲ ಎಂಬುದು ಅದರ ಹಿಂದಿನ ಯೋಚನೆ.

ಪ್ರೋಗ್ರಾಮರ್‌ಗಳು ಈ ನಿಯಮದ ಮೊದಲ ಅರ್ಧವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡರು. ಅದನ್ನೂ ಹೊಸಬರಿಗೇ ಅನ್ವಯಿಸಿದರು. "ಮೊದಲು ಮ್ಯಾನ್ಯುಯಲ್ ಓದು" ಎಂಬುದೇ ಉತ್ತರವಾಯಿತು.

2008ರಲ್ಲಿ ಬಂದ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೆಟ್ಟ ಪ್ರಶ್ನೆಗೆ ಡೌನ್‌ವೋಟ್, ಅಂದರೆ ವಿರುದ್ಧ ಮತ, ಬೀಳುತ್ತಿತ್ತು, ಹಳೆಯ ಪ್ರಶ್ನೆ ಮತ್ತೆ ಬಂದರೆ ಮುಚ್ಚುತ್ತಿದ್ದರು. ಇದರಿಂದ ಲಾಭವೂ ಆಯಿತು, ಹುಡುಕಿದವರಿಗೆ ಒಳ್ಳೆಯ ಉತ್ತರ ಬೇಗ ಸಿಕ್ಕಿತು. ಆದರೆ ಪ್ರಶ್ನೆ ಮುಚ್ಚಿದಾಗ ಹೊಸಬರಿಗೆ ಕೇಳಿಸಿದ್ದು "ಹೊರಗೆ ನಡಿ" ಅಂತಲೇ. ತಮ್ಮಲ್ಲಿ ಸ್ವಾಗತದ ವಾತಾವರಣ ಇಲ್ಲ ಎಂದು ಕಂಪನಿಯೇ 2018ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಅದೇ ವರ್ಷ, ಹೊಸಬರ ಪ್ರಶ್ನೆಯ ಜೊತೆ ಅವರು ಹೊಸಬರೆಂದು ಹೇಳುವ ಗುರುತು ಬಂತು.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವವರ ಗುಂಪಿನಲ್ಲಿ ಬೈಗುಳ ಮೇಲಿನಿಂದಲೇ ಬರುತ್ತಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಅದನ್ನು ಶುರುಮಾಡಿದ ಲೈನಸ್ ಟೊರ್ವಾಲ್ಡ್ಸ್ ತಮ್ಮ ಕಟು ಮಾತುಗಳಿಗೆ ಕ್ಷಮೆ ಕೇಳಿ, ಕೆಲಕಾಲ ಬಿಡುವು ಪಡೆದರು. ಕೋಡ್ ಬಗ್ಗೆ ಕಠಿಣ ಟೀಕೆಗೆ ಸಿದ್ಧರಿರಿ ಎಂದು ಬರೆಯುವವರಿಗೆ ಹೇಳುತ್ತಿದ್ದ 2015ರ ನಡವಳಿಕೆ ಸಂಹಿತೆಯ ಜಾಗಕ್ಕೆ ಹೊಸದು ಬಂತು. ಅದು ಒಳ್ಳೆಯ ನಡವಳಿಕೆಯ ಹೊಣೆಯನ್ನು ಕೋಡ್ ಸ್ವೀಕರಿಸುವ ಮೇಂಟೇನರ್‌ಗಳ ಮೇಲೂ ಹೊರಿಸಿತು.