ದೊಡ್ಡ ಕೊಕನಿ ಎಷ್ಟು ಅಡಿ ಆಳದಲ್ಲಿ ಸಿಗುತ್ತೆ ಸರ್?

ಪ್ರಶ್ನೆ: ಸರ್, ಜುಲೈ ಕೊನೆಗೆ ಡೆನ್ವರ್‌ನಿಂದ ನಾವು ನಾಲ್ಕು ಜನ ಕೊಲರಾಡೋದ ಬ್ಲೂ ಮೇಸಾ ಜಲಾಶಯಕ್ಕೆ ಕೊಕನಿ ಸಾಲ್ಮನ್ ಮೀನು ಹಿಡಿಯೋಕೆ ಹೋಗ್ತಿದೀವಿ. ಬೋಟ್ ಇದೆ, ಗಾಳವನ್ನು ಬೇಕಾದ ಆಳಕ್ಕೆ ಇಳಿಸೋ ಡೌನ್‌ರಿಗ್ಗರ್ ಇದೆ. ಹೋದ ಸಲ 60 ಅಡಿಗೆ ಬಿಟ್ಟರೆ ಬರೀ ಸಣ್ಣವೇ ಬಂದವು. ದೊಡ್ಡ ಕೊಕನಿ ತಳದಲ್ಲಿರುತ್ತಂತೆ, ಹೌದಾ? ಎಷ್ಟು ಅಡಿಗೆ ಇಳಿಸಬೇಕು?

ಉತ್ತರ: ಇಲ್ಲಪ್ಪಾ, ತಳದಲ್ಲಿ ಇರಲ್ಲ. ಪ್ರತಿ ಬೇಸಿಗೆಗೂ ಇದನ್ನೇ ಬರೆಯುತ್ತೇನೆ, ಮುಂದಿನ ಬೇಸಿಗೆಗೆ ಮತ್ತೆ ಇದೇ ಪ್ರಶ್ನೆ ಬರುತ್ತದೆ.

ಅಡಿ ಲೆಕ್ಕ ಬೇಕೇ ಬೇಕು ಅನ್ನುವವರಿಗೆ ಮೊದಲೇ ಹೇಳಿ ಮುಗಿಸುತ್ತೇನೆ. ನೀರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ (10ರಿಂದ 13 ಸೆಲ್ಸಿಯಸ್) ಇರುವ ಪದರವನ್ನು ಹುಡುಕಿ. ಐಸ್ ಕರಗಿದ ಹೊಸತರಲ್ಲಿ ಮೀನು ಮೇಲ್ಗಡೆಯೇ ಇರುತ್ತದೆ. ಬಿಸಿಲು ಏರಿದ ಹಾಗೆ ತಣ್ಣನೆಯ ಪದರ ಕೆಳಗಿಳಿಯುತ್ತದೆ, ಕೊಕನಿಯೂ ಅದರ ಜೊತೆ ಇಳಿಯುತ್ತದೆ. ಬೆಳಗಿನ ಜಾವ ಮೇಲೆ, ಮಧ್ಯಾಹ್ನ ಕೆಳಗೆ. ಸಣ್ಣದಕ್ಕೂ ದೊಡ್ಡದಕ್ಕೂ ಇದೇ ನಿಯಮ. ಉಳಿದದ್ದನ್ನು ನೀರೊಳಗಿನ ಮೀನು ತೋರಿಸುವ ಫಿಶ್ ಫೈಂಡರ್ ಯಂತ್ರ ಹೇಳುತ್ತದೆ.

ಈಗ ಆ "ಮುದಿ ಮೀನಿನ" ಕಥೆಗೆ ಬರೋಣ. ದೊಡ್ಡ ಮೀನು ಅಂದರೆ ವಯಸ್ಸಾದ ಮೀನು, ಎಷ್ಟೋ ಗಾಳ ತಪ್ಪಿಸಿಕೊಂಡು ಬುದ್ಧಿ ಕಲಿತದ್ದು, ಯಾರ ಕೈಗೂ ಸಿಗದಂತೆ ಆಳದಲ್ಲಿ ಕೂತಿರುತ್ತದೆ ಅಂತ ನಮ್ಮ ಜನಕ್ಕೆ ಬಲವಾದ ನಂಬಿಕೆ. ಇದು ಎಲ್ಲಿಂದ ಬಂತು ಅಂತಲೂ ಗೊತ್ತು. ಕಾವೇರಿ ದಡದಲ್ಲಿ ಮಹಶೀರ್ ಕಥೆ ಕೇಳಿ ಬೆಳೆದವರು ನಾವು. ಮಹಶೀರ್ ತುಂಬಾ ವರ್ಷ ಬದುಕುತ್ತದೆ, ಬದುಕಿದಷ್ಟೂ ಬೆಳೆಯುತ್ತದೆ, ದೊಡ್ಡದು ಆಳದ ಮಡುವಿನಲ್ಲೇ ಇರುತ್ತದೆ. ಬ್ಲೂ ಮೇಸಾದಲ್ಲೇ ಇರುವ ಲೇಕ್ ಟ್ರೌಟ್ ಕೂಡ ಹಾಗೆಯೇ, ದಶಕಗಟ್ಟಲೆ ಬದುಕುವ ಮೀನು. ಆ ಕಥೆಯನ್ನು ತಂದು ಕೊಕನಿ ತಲೆಗೆ ಕಟ್ಟಿದರೆ ಆಗಲ್ಲ.

ಕೊಕನಿ ಅಂದರೆ ಸಮುದ್ರದ ಮುಖ ನೋಡದ ಸಾಕ್‌ಐ ಸಾಲ್ಮನ್. ಮೂರೋ ನಾಲ್ಕೋ ವರ್ಷ ಬದುಕುತ್ತದೆ. ಆ ವರ್ಷದ ಶರತ್ಕಾಲಕ್ಕೆ ಕೆಂಪಾಗಿ, ಹೊಳೆ ಹತ್ತಿ, ಮೊಟ್ಟೆ ಇಟ್ಟು ಸಾಯುತ್ತದೆ. ಎಲ್ಲವೂ ಸಾಯುತ್ತವೆ. ಒಂದೂ ವಾಪಸ್ ಬಂದು "ಮುದುಕಪ್ಪ" ಆಗಿ ತಳದಲ್ಲಿ ಕೂರುವುದಿಲ್ಲ. ಒಂದು ಜಲಾಶಯದಲ್ಲಿ 10 ಇಂಚಿಗೇ ಕೆಂಪಾಗಿ ಹೊಳೆ ಹತ್ತುವ ಮೀನು, ಇನ್ನೊಂದರಲ್ಲಿ 20 ಇಂಚು ಬೆಳೆದು ಹೊಳೆ ಹತ್ತುತ್ತದೆ. ಎರಡಕ್ಕೂ ಒಂದೇ ವಯಸ್ಸು ಇರಬಹುದು.

ಹಾಗಾದರೆ ವ್ಯತ್ಯಾಸ ಎಲ್ಲಿ? ಒಂದು ಕೊಕನಿ ಹೊಟ್ಟೆ ಕೊಯ್ದು ನೋಡಿ. ಮೀನಿನ ಮರಿ, ಹುಳ ಎಲ್ಲಾ ಸಿಗುವುದು ಅಪರೂಪ. ಕಿತ್ತಳೆ-ಕಂದು ಬಣ್ಣದ ಮೆತ್ತನೆ ಹಿಟ್ಟು ಸಿಗುತ್ತದೆ. ಒಂದು ಚೂರು ನೀರಿಗೆ ಹಾಕಿ ಕದಡಿದರೆ ಅದರಲ್ಲಿ ಪುಟ್ಟ ಕಪ್ಪು ಚುಕ್ಕಿಗಳು ಕಾಣುತ್ತವೆ, ಅವು ಕಣ್ಣುಗಳು. ಅದೇ ಡಾಫ್ನಿಯಾ, ನೀರಲ್ಲಿ ತೇಲುವ ಒಂದೆರಡು ಮಿಲಿಮೀಟರ್ ಜೀವಿ. ಕೊಕನಿ ಅದನ್ನು ಕಣ್ಣಿಂದ ನೋಡಿ ಒಂದೊಂದಾಗಿ ಹಿಡಿದು ತಿನ್ನುತ್ತದೆ, ಕಿವಿರಿನೊಳಗಿನ ಸಣ್ಣ ಹಲ್ಲುಗಳ ಸಾಲು ಅದು ಜಾರಿಹೋಗದಂತೆ ತಡೆಯುತ್ತದೆ. ಒಂದು ಜಲಾಶಯದಲ್ಲಿ ಡಾಫ್ನಿಯಾ ಇರುವುದು ಇಷ್ಟೇ. ತಿನ್ನುವ ಬಾಯಿ ಜಾಸ್ತಿಯಾದರೆ ಎಲ್ಲರಿಗೂ ಅರೆಹೊಟ್ಟೆ. ಒತ್ತಾಗಿ ಬಿತ್ತಿದ ರಾಗಿ ಹೊಲದ ಹಾಗೆ: ಪೈರು ತೆಳುಮಾಡದಿದ್ದರೆ ಎಲ್ಲವೂ ಸಣಕಲು.

ಇದು ನನ್ನ ಊಹೆ ಅಲ್ಲ. ಐಡಹೋದ ಡ್ವೊರ್‌ಶ್ಯಾಕ್ ಜಲಾಶಯ ನೋಡಿ. ಅಲ್ಲಿ ಕೊಕನಿ ಅಣೆಕಟ್ಟಿನ ಹತ್ತಿರ ಗುಂಪು ಸೇರುತ್ತವೆ. ಜಾಸ್ತಿ ನೀರು ಬಿಟ್ಟ ವರ್ಷ ನೀರಿನ ಜೊತೆ ಕೆಳಗೆ ಹೊರಟುಹೋಗುತ್ತವೆ. 1996ರ ಪ್ರವಾಹದಲ್ಲಿ ಬಹುಪಾಲು ಮೀನು ಹೀಗೆಯೇ ಹೋಯಿತು. ಇಂಥ ವರ್ಷದ ನಂತರ ಅಲ್ಲಿ ಮೀನು ಕಡಿಮೆ, ಆದರೆ ಉಳಿದವು ದಪ್ಪ. ಆಮೇಲೆ ಎಣಿಕೆ ಮತ್ತೆ ಏರುತ್ತದೆ, ಗಾತ್ರ ಮತ್ತೆ ಇಳಿಯುತ್ತದೆ. ಆಳ ಅದೇ, ಅಣೆಕಟ್ಟು ಅದೇ, ಬದಲಾದದ್ದು ಬಾಯಿಗಳ ಲೆಕ್ಕ. ಮೀನು ಹೀಗೆ ಹೋಗದಂತೆ ತಡೆಯಲು ಅಣೆಕಟ್ಟಿನ ಬಳಿ ಮಿಣುಕು ದೀಪ ಹಾಕಿ ಹೆದರಿಸುವ ಪ್ರಯೋಗವೂ ನಡೆದಿತ್ತು.

ನಿಮ್ಮ ಬ್ಲೂ ಮೇಸಾದ್ದೂ ಇದೇ ಜಾತಕ. ಆಲ್ಮಂಟ್ ಹತ್ತಿರದ ರೋರಿಂಗ್ ಜೂಡಿ ಮೀನು ಸಾಕಣೆ ಕೇಂದ್ರದಿಂದ ಮರಿಗಳನ್ನು ಈಸ್ಟ್ ನದಿಗೆ ಬಿಡುತ್ತಾರೆ. ಅವು ಗನಿಸನ್ ನದಿ ಹಿಡಿದು ಜಲಾಶಯಕ್ಕೆ ಇಳಿಯುತ್ತವೆ. ಅಲ್ಲಿ ಲೇಕ್ ಟ್ರೌಟ್ ಬಾಯಿ ತೆರೆದು ಕಾದಿರುತ್ತದೆ. ಕೊಕನಿ ಎಣಿಕೆ ಕುಸಿಯುವುದು ರಾಜ್ಯದ ವನ್ಯಜೀವಿ ಇಲಾಖೆಗೆ ಎಷ್ಟೋ ವರ್ಷದ ತಲೆನೋವು. ಆದರೂ 2023ರಲ್ಲಿ ಕೊಲರಾಡೋ ರಾಜ್ಯದ ದಾಖಲೆ ಮುರಿದ, 7 ಪೌಂಡ್ ದಾಟಿದ ಕೊಕನಿ ಸಿಕ್ಕಿದ್ದು ಇದೇ ಬ್ಲೂ ಮೇಸಾದಲ್ಲಿ. ಅದೂ ಮೇ ತಿಂಗಳಲ್ಲಿ, ನೀರಿನ್ನೂ ತಣ್ಣಗಿರುವಾಗ. "ಆದರೂ" ಅಂದೆ, "ಆದ್ದರಿಂದಲೇ" ಅನ್ನುವುದು ಜಾಸ್ತಿ ಸರಿ ಅಂತ ನನ್ನ ಅನಿಸಿಕೆ.

ಆದ್ದರಿಂದ ಎಷ್ಟು ಅಡಿ ಅಂತ ಕೇಳುವ ಮೊದಲು ಯಾವ ಜಲಾಶಯ, ಯಾವ ವರ್ಷ ಅಂತ ಕೇಳಿ. ಇಲಾಖೆಯವರು ಬಲೆ ಹಾಕಿ, ಸೋನಾರ್ ಹಾಕಿ ಸಮೀಕ್ಷೆ ಮಾಡುತ್ತಾರೆ, ಫೋನ್ ಮಾಡಿದರೆ ಹೇಳುತ್ತಾರೆ. ಕೂಲರ್ ತುಂಬಬೇಕಾ, ಗೋಡೆಗೆ ಫೋಟೋ ಬೇಕಾ? ಎರಡೂ ಒಂದೇ ಕಡೆ ಸಿಗುವುದು ಬಹಳ ಅಪರೂಪ.

ಜಲಾಶಯದ ಒಳಗೆ ಹುಡುಕುವುದಕ್ಕೆ ಬಂದರೆ, ಎರಡನೇ ವರ್ಷದವು, ಮೂರು-ನಾಲ್ಕನೇ ವರ್ಷದವು ಸಾಮಾನ್ಯವಾಗಿ ಬೇರೆ ಬೇರೆ ಗುಂಪಾಗಿ ತಿರುಗುತ್ತವೆ. ಹೋದ ಸಲ ನೀವು ಮಾಡಿದ್ದು ಬಹುಶಃ ಇಷ್ಟೇ: ಸಣ್ಣವುಗಳ ಗುಂಪಿನ ಮೇಲೆ ಬೋಟ್ ನಿಲ್ಲಿಸಿಕೊಂಡು, ಮೀನು ಕಚ್ಚುತ್ತಿದೆಯಲ್ಲ ಅಂತ ಖುಷಿಯಲ್ಲಿ ಅಲ್ಲೇ ಸುತ್ತಿದ್ದು. ಬಂದದ್ದೆಲ್ಲಾ ಒಂದೇ ಅಳತೆಯ ಸಣ್ಣವಾದರೆ ಜಾಗ ಬಿಡಿ, ಮೈಲಿ ದೂರ ಹೋಗಿ ಬೇರೆ ಗುಂಪು ಹುಡುಕಿ. ಹೊಳೆ ಹತ್ತುವ ವರ್ಷದ ಮೀನು ಬೇಸಿಗೆಯುದ್ದಕ್ಕೂ ತೂಕ ಏರಿಸಿಕೊಳ್ಳುತ್ತದೆ. ಹಾಗಾಗಿ ಜುಲೈಗಿಂತ ಆಗಸ್ಟ್ ವಾಸಿ. ಆಗ ಅವು ನದಿ ಬಂದು ಸೇರುವ ಐಯೋಲಾ ಕಡೆಗೆ ಸರಿಯತೊಡಗುತ್ತವೆ. ಪೂರ್ತಿ ಕೆಂಪಾದ ಮೇಲೆ ತಿನ್ನುವುದು ನಿಲ್ಲಿಸುತ್ತವೆ, ಮಾಂಸವೂ ಸಪ್ಪೆ.

ಸಾಮಾನಿನ ಬಗ್ಗೆ ಜಾಸ್ತಿ ಹೇಳಲ್ಲ. ಡಾಡ್ಜರ್ (ಮೀನನ್ನು ಸೆಳೆಯುವ ಹೊಳೆಯುವ ತಗಡು), ಅದರ ಹಿಂದೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಪುಟ್ಟ ಲ್ಯೂರ್ (ನಕಲಿ ಮೇವು), ಕೊಕ್ಕೆಗೆ ಬಿಳಿ ಜೋಳದ ಕಾಳು. ಗಂಟೆಗೆ ಒಂದರಿಂದ ಒಂದೂವರೆ ಮೈಲಿ ವೇಗ. ಹಾವಿನಂತೆ ತಿರುಗಿಸುತ್ತಾ ಹೋಗಿ. ತಿರುವಿನಲ್ಲಿ ಒಳಗಿನ ದಾರ ನಿಧಾನ, ಹೊರಗಿನದು ಜೋರು, ಮೀನು ಕಚ್ಚುವುದು ಹೆಚ್ಚಾಗಿ ಅಲ್ಲೇ. ಅದರ ಬಾಯಿ ಮೃದು. ಬಾಗುವ ಕೋಲು, ಸಡಿಲ ಡ್ರ್ಯಾಗ್ (ದಾರ ಬಿಚ್ಚುವುದನ್ನು ತಡೆಯುವ ರೀಲಿನ ಬಿಗಿ) ಇಲ್ಲದಿದ್ದರೆ ಕೊಕ್ಕೆ ತುಟಿ ಹರಿದುಕೊಂಡು ಬರುತ್ತದೆ.

"ಸಣ್ಣದನ್ನು ವಾಪಸ್ ಬಿಡ್ತೀವಿ ಸರ್, ಬೆಳೀಲಿ" ಅನ್ನುವವರಿಗೂ ಒಂದು ಮಾತು. ಬೇಸಿಗೆಯಲ್ಲಿ ತಣ್ಣನೆ ನೀರಿನಿಂದ ಎಳೆದು, ಬೆಚ್ಚಗಿನ ನೀರು ದಾಟಿಸಿ, ಕೈಯಲ್ಲಿ ಹಿಡಿದಾಗ ಹುರುಪೆ ಉದುರಿಹೋದ ಕೊಕನಿ ಬದುಕುವುದು ಕಷ್ಟ. ನಿಯಮ ಬಿಟ್ಟಷ್ಟು ಇಟ್ಟುಕೊಂಡು ಗಾಳ ಮಡಚಿ ಮನೆಗೆ ಹೋಗಿ.

ಇಷ್ಟು ಹೇಳಿದ ಮೇಲೆ ನೀವು ಕೇಳದ, ಆದರೆ ಹಿಂದೆ ದೊಡ್ಡ ದೊಡ್ಡವರೇ ಕೇಳಿಕೊಂಡ ಪ್ರಶ್ನೆಯೊಂದು ಉಳಿಯುತ್ತದೆ. ಮೇವಿನದ್ದೇ ಸಮಸ್ಯೆಯಾದರೆ ಮೇವನ್ನೇ ಜಾಸ್ತಿ ಮಾಡಬಹುದಲ್ವಾ? ಮಾಡಿದರು. ಕೆನಡಾದ ಕೂಟನಿ ಸರೋವರಕ್ಕೆ 1949ರಲ್ಲಿ ಮೈಸಿಸ್ ಅನ್ನುವ ಸಣ್ಣ ಸಿಗಡಿ ಬಿಟ್ಟರು. ಬಿಟ್ಟದ್ದು ಟ್ರೌಟ್‌ಗೆ, ದಪ್ಪಗಾಗಿದ್ದು ಸರೋವರದ ಪಶ್ಚಿಮ ತೋಳಿನ, ಅಂದರೆ ಪಶ್ಚಿಮಕ್ಕೆ ಚಾಚಿದ ಭಾಗದ, ಕೊಕನಿ. ಅದನ್ನು ನೋಡಿ ಎಲ್ಲೆಲ್ಲೂ ಮೈಸಿಸ್ ಬಿಟ್ಟರು. ಕೂಟನಿಯ ಆ ತೋಳಿನಲ್ಲಿ ನೀರು ಆಳವಿಲ್ಲದ ದಿಬ್ಬದ ಮೇಲೆ ಹರಿಯುವಾಗ ಸಿಗಡಿಯನ್ನು ಮೇಲಕ್ಕೆ ಎತ್ತಿ ಕೊಡುತ್ತಿತ್ತು ಅನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೇರೆ ಕಡೆ ಮೈಸಿಸ್ ಹಗಲೆಲ್ಲಾ ಕತ್ತಲ ತಳದಲ್ಲಿ ಇದ್ದು, ರಾತ್ರಿ ಮೇಲೆ ಬಂದು ಡಾಫ್ನಿಯಾ ತಿನ್ನುತ್ತದೆ. ಕೊಕನಿಯೋ ಕಣ್ಣಿಗೆ ಕಂಡದ್ದನ್ನು ಹಗಲಲ್ಲಿ ತಿನ್ನುವ ಮೀನು. ಅದಕ್ಕೆ ಸಿಗಡಿಯೂ ಸಿಗಲಿಲ್ಲ, ಇದ್ದ ಮೇವೂ ಹೋಯಿತು.

ಮೊಂಟಾನಾದ ಫ್ಲಾಟ್‌ಹೆಡ್ ಸರೋವರಕ್ಕೆ ಮೈಸಿಸ್ ಮೇಲ್ಗಡೆ ಕೆರೆಗಳಿಂದ ತಾನೇ ಇಳಿದು ಬಂತು. 1981ರಲ್ಲಿ ಮೊದಲು ಕಂಡಿತು. ಅದೇ ವರ್ಷ ಪಕ್ಕದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನ ಮೆಕ್‌ಡೊನಾಲ್ಡ್ ತೊರೆಯಲ್ಲಿ ಕೊಕನಿ ತಿನ್ನಲು ಬಂದ ಬಾಲ್ಡ್ ಈಗಲ್‌ಗಳ ಎಣಿಕೆ 639. ದಶಕ ಮುಗಿಯುವಷ್ಟರಲ್ಲಿ ಕೊಕನಿ ಇಲ್ಲ, ಹದ್ದುಗಳೂ ಬೇರೆ ದಾರಿ ಹಿಡಿದವು.

ಕೊಲರಾಡೋದ ಜಲಾಶಯಗಳಿಗೂ ಮೈಸಿಸ್ ಬಿಟ್ಟಿದ್ದರು. ಬ್ಲೂ ಮೇಸಾದಿಂದ ಮೇಲೆ, ಟೇಲರ್ ಪಾರ್ಕ್ ಅಣೆಕಟ್ಟಿನ ತೂಬಿನಿಂದ ಆ ಸಿಗಡಿ ನದಿಗೆ ಬಿದ್ದು, ಕೆಳಗೆ ನಿಂತ ರೇನ್‌ಬೋ ಟ್ರೌಟ್‌ಗೆ ಹಬ್ಬ. ನಿಮ್ಮ ನಾಲ್ವರಲ್ಲಿ ಯಾರಿಗಾದರೂ ದೊಡ್ಡ ಮೀನಿನ ಹಟವೇ ಇದ್ದರೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಬನ್ನಿ. ಜೋಳದ ಕಾಳು ಮಾತ್ರ ಕಾರಿನಲ್ಲೇ ಇರಲಿ. ಅಲ್ಲಿ ಕೃತಕ ನೊಣದ ಗಾಳ, ಲ್ಯೂರ್ ಬಿಟ್ಟು ಬೇರೇನೂ ಹಾಕುವಂತಿಲ್ಲ, ಹಿಡಿದದ್ದನ್ನು ಬಿಡಲೇಬೇಕು.