ಒಳಗೆ ಬಿಟ್ಟರು ಸರಿ, ಅಧಿಕಾರ ಯಾರ ಕೈಲಿದೆ?

ಮಾಟುಂಗಾದ ನಮ್ಮ ಓದಿನ ಗುಂಪಿಗಾಗಿ ಬರೆದ ಟಿಪ್ಪಣಿ ಇದು. ಧರ್ಮ ಮತ್ತು ಮಹಿಳಾ ಹೋರಾಟದ ಪಾಠ ಬಂದಾಗ ಹೆಚ್ಚಿನವರು ಹಿಂದೂ, ಮುಸ್ಲಿಂ, ಕ್ರೈಸ್ತ ಅಂತ ಕಾಲಂ ಎಳೆದು ಹೆಸರು ತುಂಬಿಸುತ್ತಾರೆ. ಹೆಸರು ಬಾಯಿಪಾಠ ಆಗುತ್ತದೆ, ವಿಷಯ ಕೈಗೆ ಸಿಗುವುದಿಲ್ಲ. ಅದರ ಬದಲು ಹೆಂಗಸರು ಕೇಳಿದ್ದೇನು ಅಂತ ನೋಡಿ. ಒಳಗೆ ಬಿಡಿ ಅಂದರಾ? ಶಾಸ್ತ್ರಕ್ಕೆ ಅರ್ಥ ಹೇಳುವ ಅಧಿಕಾರ ಬೇಕು ಅಂದರಾ? ಕಾನೂನು ಬದಲಿಸಿ ಅಂದರಾ?

ಒಳಗೆ ಬಿಡಿ ಅನ್ನುವುದಕ್ಕೆ ಮುಂಬಯಿಯ ಹಾಜಿ ಅಲಿ ದರ್ಗಾ ಒಳ್ಳೆಯ ಉದಾಹರಣೆ. ಮೊದಲು ಅಲ್ಲಿ ಮಹಿಳೆಯರೂ ಗೋರಿಯ ಹತ್ತಿರ ಹೋಗುತ್ತಿದ್ದರು. 2012ರ ಹೊತ್ತಿಗೆ ಟ್ರಸ್ಟ್ ತಡೆಯಿತು. ಅಂದರೆ ನಿಷೇಧ ಹಳೆಯದಲ್ಲ, ಹೊಸದು. ಇದನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯಲು ಮರೆಯಬೇಡಿ. ಪುರುಷ ಸಂತನ ಗೋರಿಯ ಸಮೀಪ ಹೆಣ್ಣು ಹೋಗುವುದು ಪಾಪ ಅಂತ ಟ್ರಸ್ಟ್ ವಾದಿಸಿತು. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ಅನ್ನುವ ಸಂಘಟನೆಯ ನೂರ್‌ಜಹಾನ್ ಸಫಿಯಾ ನಿಯಾಜ್ ಮತ್ತು ಝಾಕಿಯಾ ಸೋಮನ್ ಬಾಂಬೆ ಹೈಕೋರ್ಟಿಗೆ ಹೋದರು. 2016ರ ಆಗಸ್ಟ್ 26ರಂದು ತೀರ್ಪು ಬಂತು: ಈ ನಿಷೇಧ ಸಂವಿಧಾನದ 14, 15 ಮತ್ತು 25ನೇ ವಿಧಿಗಳಿಗೆ ವಿರುದ್ಧ. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು, ಕೊನೆಗೆ ಒಪ್ಪಿಕೊಂಡಿತು. ನವೆಂಬರ್ 29ರಂದು ಮಹಿಳೆಯರು ಒಳಗೆ ಹೋದರು. ಆದರೆ ಅಷ್ಟರಲ್ಲಿ ವ್ಯವಸ್ಥೆಯೇ ಬದಲಾಗಿತ್ತು. ಗಂಡಸರಿರಲಿ, ಹೆಂಗಸರಿರಲಿ, ಎಲ್ಲರೂ ಗೋರಿಯಿಂದ ಒಂದೇ ದೂರದಲ್ಲಿ ನಿಲ್ಲಬೇಕು! ಸಮಾನತೆ ಬಂತು, ಗಂಡಸರನ್ನು ಹಿಂದೆ ಸರಿಸಿ. ಜಾಣತನವೋ ನ್ಯಾಯವೋ, ನೀವೇ ಹೇಳಿ.

ಅದೇ ವರ್ಷದ ಶನಿ ಶಿಂಗಣಾಪುರದ ಕಥೆ ಇನ್ನೂ ಗೋಜಲು. ಮಹಾರಾಷ್ಟ್ರದ ಈ ಶನಿ ಕ್ಷೇತ್ರದಲ್ಲಿ ದೇವರ ಕಲ್ಲು ಇರುವ ಕಟ್ಟೆಯನ್ನು ಹೆಂಗಸರು ಹತ್ತುವಂತಿರಲಿಲ್ಲ. ಪುಣೆಯ ತೃಪ್ತಿ ದೇಸಾಯಿ ಬೀದಿಗಿಳಿದರು, ಪುಣೆಯವರೇ ಆದ ಪತ್ರಕರ್ತೆ ವಿದ್ಯಾ ಬಾಳ್ ಕೋರ್ಟಿಗೆ ಹೋದರು. ಆಧಾರವಾಗಿದ್ದು ದೇವಸ್ಥಾನ ಪ್ರವೇಶಕ್ಕೆ ಸಂಬಂಧಿಸಿದ 1956ರ ಮಹಾರಾಷ್ಟ್ರ ಕಾಯ್ದೆ. ಏಪ್ರಿಲ್ 8ರ ಯುಗಾದಿಯಂದು ಕಟ್ಟೆ ಎಲ್ಲರಿಗೂ ತೆರೆಯಿತು. ಆದರೆ ಆ ಜನವರಿಯಲ್ಲೇ ಟ್ರಸ್ಟಿಗೆ ಮೊದಲ ಬಾರಿ ಮಹಿಳೆಯೊಬ್ಬರು ಅಧ್ಯಕ್ಷರಾಗಿದ್ದರು. ಅವರು ಹೇಳಿದ್ದು ಹಳೆಯ ಪದ್ಧತಿಯೇ ಮುಂದುವರಿಯಲಿ ಅಂತ. ಹೆಣ್ಣು ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಸುಧಾರಣೆ ಆಗಲ್ಲ ಅಲ್ವಾ? ನಮ್ಮ ಮುಂಬಯಿ ಸಂಘಗಳಲ್ಲೂ ‘ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ’ ಇರುತ್ತಾರೆ. ಅರಸಿನ ಕುಂಕುಮ ಅವರದ್ದು, ಲೆಕ್ಕಪತ್ರ ಬೇರೆಯವರದ್ದು.

ಅರ್ಥ ಹೇಳುವ ಅಧಿಕಾರದ ಜಗಳ ಇದಕ್ಕಿಂತ ಕಷ್ಟದ್ದು. ಕ್ಯಾಮೆರಾಗಳು ಅಷ್ಟಾಗಿ ಬರುವುದಿಲ್ಲ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಹೆಂಡತಿಗೇ ಸಂಸ್ಕೃತ ಕಲಿಸಿದವರು, ಅದಕ್ಕೆ ಬೈಸಿಕೊಂಡವರು. ಅಮ್ಮನಿಂದ ಮಗಳಿಗೆ ಬಂತು. ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’ ಬಿರುದು ಕೊಟ್ಟರು. 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮುಂದಿನ ವರ್ಷ ಪುಣೆಗೆ ಒಯ್ದರು. ರಾನಡೆ, ಭಂಡಾರ್ಕರ್ ಅಂಥ ಸುಧಾರಕರು ಸದನದ ಸಲಹಾ ಸಮಿತಿಯಲ್ಲಿದ್ದರು. ರಮಾಬಾಯಿ ಪ್ರಾರ್ಥನೆಗೆ ಕೂತರೆ ಕೆಲವು ಹುಡುಗಿಯರೂ ಬಂದು ಕೂರುತ್ತಿದ್ದರು. ಇವರು ಬೇಡ ಅನ್ನುತ್ತಿರಲಿಲ್ಲ. ಇಷ್ಟಕ್ಕೇ ಮತಾಂತರದ ಗಲಾಟೆ ಎದ್ದಿತು, ತಿಲಕರ ಪತ್ರಿಕೆ ‘ಕೇಸರಿ’ ಹರಿಹಾಯ್ದಿತು, 1893ರಲ್ಲಿ ಸಮಿತಿಯವರು ಹೊರನಡೆದರು. ನನಗನಿಸುವುದು: ಕಲಿತ ಹೆಣ್ಣನ್ನು ಸಹಿಸಿದರು, ಸ್ವಂತ ತೀರ್ಮಾನ ಮಾಡುವ ಹೆಣ್ಣನ್ನು ಸಹಿಸಲಿಲ್ಲ.

ಇನ್ನೊಬ್ಬರು ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಡಾ. ಜೆರೂಷಾ ಝಿರಾಡ್, ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯದ ಯಹೂದಿ. ಮುಂಬಯಿಯ ಕಾಮಾ ಆಸ್ಪತ್ರೆ ನಡೆಸಿದವರು ಅಂತ ಮಾತ್ರ ಓದಿರುತ್ತೀರಿ. 1925ರಲ್ಲಿ ಉದಾರವಾದಿ ಯಹೂದಿಗಳ ಧಾರ್ಮಿಕ ಸಂಘವನ್ನು ಮುಂಬಯಿಯಲ್ಲಿ ಶುರು ಮಾಡಿದ್ದೂ ಅವರೇ.

ಈಗಿನ ಕಾಲಕ್ಕೆ ಬಂದರೆ, ಮುಸ್ಲಿಂ ಮಹಿಳಾ ಆಂದೋಲನ ಮುಂಬಯಿಯಲ್ಲಿ ಹೆಣ್ಣುಮಕ್ಕಳಿಗೆ ಖಾಜಿ (ನಿಕಾಹ್ ಮಾಡಿಸುವ, ಧರ್ಮದ ಪ್ರಕಾರ ತೀರ್ಮಾನ ಹೇಳುವವರು) ತರಬೇತಿ ಕೊಟ್ಟಿತು. ಅನೇಕ ಮೌಲವಿಗಳು ಒಪ್ಪಲಿಲ್ಲ. ಪುಣೆಯಲ್ಲಿ ಜ್ಞಾನ ಪ್ರಬೋಧಿನಿಯಂಥ ಸಂಸ್ಥೆಗಳಲ್ಲಿ ಪೌರೋಹಿತ್ಯ ಕಲಿತ ಮಹಿಳೆಯರು ಮದುವೆ, ಗೃಹಪ್ರವೇಶ ಎಲ್ಲ ಮಾಡಿಸುತ್ತಾರೆ. ಇಲ್ಲಿ ಮನೆಯ ಯಜಮಾನ ಕರೆದರೆ ಸಾಕು, ಯಾವ ಟ್ರಸ್ಟಿನ ಒಪ್ಪಿಗೆಯೂ ಬೇಕಿಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ಕಾನೂನಿನ ವಿಷಯ ಬೇಗ ಮುಗಿಸೋಣ. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ವಿಚ್ಛೇದನ ಪಡೆಯಲು ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಹೆಂಡತಿ ಮಾತ್ರ ಅದರ ಜೊತೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಬಾಂಬೆ ಹೈಕೋರ್ಟ್ ಇದನ್ನು 1997ರಲ್ಲಿ ತಳ್ಳಿಹಾಕಿತು, ಸಂಸತ್ತು 2001ರಲ್ಲಿ ತಿದ್ದಿತು. ಇಲ್ಲಿ ಮಂಗಳೂರಿನಲ್ಲಿ ಬೆಳೆದ ವಕೀಲೆ ಫ್ಲೇವಿಯಾ ಆಗ್ನೆಸ್ ಅವರನ್ನು ಓದಿ. ಮಹಿಳೆಯರಿಗೆ ಕಾನೂನು ನೆರವು ಕೊಡುವ ಮುಂಬಯಿಯ ‘ಮಜ್ಲಿಸ್’ ಕಟ್ಟಿದವರಲ್ಲಿ ಒಬ್ಬರು. ಎಲ್ಲರಿಗೂ ಒಂದೇ ಕಾನೂನು ತಂದರೆ ಸಾಕು ಅನ್ನುವುದನ್ನು ಅವರು ಒಪ್ಪುವುದಿಲ್ಲ, ಹೆಣ್ಣಿಗೆ ಹಕ್ಕು ಸಿಗುವುದು ಮುಖ್ಯ ಅನ್ನುತ್ತಾರೆ. ಮುಸ್ಲಿಂ ಮಹಿಳಾ ಆಂದೋಲನ 2014ರಲ್ಲಿ ಮುಸ್ಲಿಂ ಕೌಟುಂಬಿಕ ಕಾನೂನಿನ ಕರಡನ್ನೇ ಮುಂದಿಟ್ಟಿತು. ಹಾಗಾಗಿ ‘ಮಹಿಳಾ ಸಂಘಟನೆಗಳೆಲ್ಲ ಏಕರೂಪ ನಾಗರಿಕ ಸಂಹಿತೆ ಕೇಳಿದವು’ ಅಂತ ಸುಮ್ನೆ ಬರೆದುಬಿಡಬೇಡಿ, ಅಂಕ ಹೋಗುತ್ತದೆ.